ಜಾಲತಾಣದ ರಚನೆ: ಸೌಕರ್ಯ ಮತ್ತು ಸ್ವಾಧೀನ

ಜಾಲತಾಣವನ್ನು ಸಿದ್ಧ ಸಾಧನದಿಂದ ಕಟ್ಟಬೇಕೆ ಅಥವಾ ಸ್ವತಃ ಕೋಡ್ ಬರೆದು ರಚಿಸಬೇಕೆ ಎಂಬ ಪ್ರಶ್ನೆಯನ್ನು ಶ್ರಮ, ವೆಚ್ಚಗಳ ದೃಷ್ಟಿಯಿಂದ ವಿವೇಚಿಸುವುದೇ ವಾಡಿಕೆ. ಇತಿಹಾಸದ ದೃಷ್ಟಿಯಿಂದಲೂ ಅದನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀಯವರು 1990ರಲ್ಲಿ ನಿರ್ಮಿಸಿದ ಮೊದಲ ಬ್ರೌಸರಿನಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲದೆ ರಚಿಸುವುದೂ ಸಾಧ್ಯವಿತ್ತು. ಕೋಡಿನ ಗೊಡವೆಯಿಲ್ಲದೆ ಬರೆಯಬೇಕೆಂಬ ಅಪೇಕ್ಷೆಯು ವೆಬ್‌ನಷ್ಟೇ ಹಳೆಯದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದರೆ 1993ರಲ್ಲಿ ಹೊರಬಂದು ಜನಪ್ರಿಯವಾದ ಮೊಸಾಯಿಕ್ ಬ್ರೌಸರು ಮುಖ್ಯವಾಗಿ ಓದುವ ಸಾಧನವಾಗಿದ್ದುದರಿಂದ, ಅಂದಿನ ಅನೇಕರು ಎಚ್‌ಟಿಎಂಎಲ್ ಕಲಿತು ಕೈಯಾರೆ ಪುಟಗಳನ್ನು ಬರೆದರು.

1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೊಸಿಟೀಸ್ ಸಂಸ್ಥೆಯು ಸಾಮಾನ್ಯರಿಗೆ ಉಚಿತವಾಗಿ ಸ್ಥಳವನ್ನೂ, ಕಾಲಕ್ರಮದಲ್ಲಿ ಪುಟರಚನೆಯ ಸುಲಭ ಸಾಧನಗಳನ್ನೂ ಒದಗಿಸಿತು. 1999ರಲ್ಲಿ ಅದನ್ನು ಯಾಹೂ ಕೊಂಡಿತು. 2009ರ ಅಕ್ಟೋಬರಿನಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ತಮ್ಮ ಕಡತಗಳ ಪ್ರತಿಯನ್ನು ಇರಿಸಿಕೊಂಡಿದ್ದವರು ಅವನ್ನು ಬೇರೊಂದು ಸರ್ವರಿಗೆ ಸಾಗಿಸಬಹುದಾಗಿತ್ತು. ಉಳಿದವುಗಳಲ್ಲಿ ಒಂದು ಭಾಗವನ್ನು ಇಂಟರ್ನೆಟ್ ಆರ್ಕೈವ್, ಆರ್ಕೈವ್ ಟೀಮ್ ಮೊದಲಾದವರು ನಕಲಿಸಿ ರಕ್ಷಿಸಿದರು.

ಸ್ವತಃ ಬರೆದ ಪುಟವೂ ಚಿರಂತನವಲ್ಲ. ಅದನ್ನು ನೋಡಿಕೊಳ್ಳುವವರು ಬೇಕು. ಆದರೂ ಅದರ ಕಡತಗಳು ನಮ್ಮ ವಶದಲ್ಲಿರುತ್ತವೆ. ಸಿದ್ಧ ಸಾಧನದ ರಚನೆಯಾದರೋ ಅನೇಕ ವೇಳೆ ಆಯಾ ಸಂಸ್ಥೆಯ ವ್ಯವಸ್ಥೆಗೇ ಬದ್ಧವಾಗಿರುತ್ತದೆ. ವಿಚಾರಗೋಷ್ಠಿಯ ಪ್ರಕಟಣೆಗೆ ಅದು ಸಾಕು. ಮುಂದಿನ ಸಂಶೋಧಕರಿಗೆ ಆಕರವಾಗಬೇಕಾದ ಶಾಸನಪಾಠಗಳಿಗೆ ಸರಳ ಎಚ್‌ಟಿಎಂಎಲ್ ಕಲಿಯುವ ಶ್ರಮವೇ ಲೇಸೆಂಬುದು ನಮ್ಮ ಅಭಿಪ್ರಾಯ.