ಭಕ್ಷೀಸಿನ ಲೆಕ್ಕ: ಹೋಟೆಲು, ಅಂಗಡಿಗಳ ಕೆಲಸಗಾರರು ಮತ್ತು ಗ್ರಾಹಕ

ಬೆಂಗಳೂರು: ಊಟ ಮುಗಿದ ಮೇಲೆ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ. ಚಿಲ್ಲರೆ ಮರಳಿದಾಗ ಅದರಲ್ಲಿ ಎಷ್ಟನ್ನು ತಟ್ಟೆಯಲ್ಲೇ ಬಿಡಬೇಕು ಎಂಬುದನ್ನು ಗ್ರಾಹಕ ಕ್ಷಣಾರ್ಧದಲ್ಲಿ ನಿರ್ಧರಿಸುತ್ತಾನೆ. ಈ ನಿರ್ಧಾರಕ್ಕೆ ಲಿಖಿತ ನಿಯಮವಿಲ್ಲ. ಆದರೆ ಸಪ್ಲೈಯರ್‌ನ ದಿನದ ಗಳಿಕೆಯಲ್ಲಿ ಒಂದು ಪಾಲು ಈ ಕ್ಷಣವನ್ನೇ ಅವಲಂಬಿಸಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಿಲ್ಲಿನಲ್ಲಿ ಮುದ್ರಿತವಾಗಿ ಬರುವ ಸೇವಾ ಶುಲ್ಕ, ಮೊಬೈಲ್ ಮೂಲಕ ಹಣ ಪಾವತಿ ಹಾಗೂ ನ್ಯಾಯಾಲಯದ ತೀರ್ಪುಗಳು ಈ ಹಳೆಯ ರೂಢಿಯ ಸ್ವರೂಪವನ್ನೇ ಬದಲಿಸಿವೆ.

ಪದಗಳ ಹಿನ್ನೆಲೆ

ಕನ್ನಡದಲ್ಲಿ ಈ ಹಣಕ್ಕೆ ಭಕ್ಷೀಸು, ಇನಾಮು, ಟಿಪ್ಸ್ ಎಂಬ ಹೆಸರುಗಳಿವೆ. ಭಕ್ಷೀಸು ಪಾರ್ಸಿ ಮೂಲದ ಪದ; ಕೊಡುಗೆ ಎಂಬುದು ಅದರ ಅರ್ಥ. ಇನಾಮು ಎಂಬುದು ಅರಬ್ಬಿಯಿಂದ ಪಾರ್ಸಿಯ ಮೂಲಕ ಬಂದದ್ದು. ಅರಸರು ನೀಡುತ್ತಿದ್ದ ಇನಾಮು ಭೂಮಿಗೂ ಹೋಟೆಲಿನ ಮೇಜಿನ ಮೇಲಿನ ಹತ್ತು ರೂಪಾಯಿಗೂ ಒಂದೇ ಹೆಸರಿರುವುದು ವಿಚಿತ್ರವಾದರೂ ಅರ್ಥಪೂರ್ಣ. ಎರಡರಲ್ಲೂ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಅಡಗಿದೆ. ‘ಟಿಪ್’ ಎಂಬ ಇಂಗ್ಲಿಷ್ ಪದವು ‘ಶೀಘ್ರ ಸೇವೆಯ ಖಾತರಿಗಾಗಿ’ ಎಂಬರ್ಥದ ಮೂರು ಪದಗಳ ಸಂಕ್ಷೇಪ ಎಂಬ ಮಾತು ಬಹಳ ಪ್ರಚಾರದಲ್ಲಿದೆಯಾದರೂ ಅದು ಕಟ್ಟುಕಥೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕಳ್ಳರ ಗುಪ್ತಭಾಷೆಯಲ್ಲಿ ‘ದಾಟಿಸು, ಕೊಡು’ ಎಂಬ ಅರ್ಥದಲ್ಲಿ ಈ ಪದ ಬಳಕೆಯಲ್ಲಿತ್ತು.

ಮಾಣಿಯಿಂದ ಮಾಲೀಕನವರೆಗೆ

ಕರ್ನಾಟಕದಲ್ಲಿ ಹೋಟೆಲ್ ಕೆಲಸಗಾರನ ಚರಿತ್ರೆಯು ಬಹುಮಟ್ಟಿಗೆ ಉಡುಪಿ, ಕುಂದಾಪುರ ಕಡೆಯ ಹುಡುಗರ ವಲಸೆಯ ಚರಿತ್ರೆಯೇ ಆಗಿದೆ. ಕರಾವಳಿಯಲ್ಲಿ ಹುಡುಗ ಎಂಬರ್ಥದ ‘ಮಾಣಿ’ ಎಂಬ ಪದವು ಘಟ್ಟದ ಮೇಲೆ ಬಂದು ಹೋಟೆಲಿನಲ್ಲಿ ತಿಂಡಿ ತಂದುಕೊಡುವವನ ಹೆಸರಾಯಿತು. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದವರು ಹಲವರು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕೆ. ಕೃಷ್ಣರಾವ್ ಅವರು ಇಂಥ ಸಾಮಾನ್ಯ ಕೆಲಸದಿಂದಲೇ ಮೇಲೆ ಬಂದವರು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕೂಡ ಇದೇ ಪರಂಪರೆಯದು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು.

ಯಶಸ್ಸಿನ ಈ ಕಥೆಗಳ ಮರೆಯಲ್ಲಿ ಎಳೆಯ ವಯಸ್ಸಿನ ದುಡಿಮೆಯೂ ಇತ್ತು ಎಂಬುದನ್ನು ಮರೆಯಲಾಗದು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ.

ಸಪ್ಲೈಯರ್‌ನ ಕೆಲಸ ಹೊರನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಅಂದಿನ ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬೇಕು. ನಾಲ್ಕು ಮೇಜುಗಳಲ್ಲಿ ಯಾರು ಏನು ಹೇಳಿದರು, ಯಾರ ಕಾಫಿಗೆ ಸಕ್ಕರೆ ಬೇಡ ಎಂಬುದನ್ನು ಬರೆದುಕೊಳ್ಳದೆಯೇ ನೆನಪಿಡಬೇಕು. ಹಳೆಯ ಹೋಟೆಲುಗಳಲ್ಲಿ ಗ್ರಾಹಕ ಎದ್ದು ಗಲ್ಲಾ ತಲುಪುವುದರೊಳಗೆ ಮೊತ್ತವನ್ನು ಮನಸ್ಸಿನಲ್ಲೇ ಕೂಡಿ ಕೂಗಿ ಹೇಳುವ ಪದ್ಧತಿಯಿತ್ತು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ದೋಸೆಯ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಸಾಲಾಗಿ ಪೇರಿಸಿಕೊಂಡು ಬರುವ ಸಪ್ಲೈಯರ್‌ಗಳ ಕೌಶಲವನ್ನು ನೋಡಲೆಂದೇ ಕತ್ತು ತಿರುಗಿಸುವ ಗ್ರಾಹಕರಿದ್ದಾರೆ.

ಇದಕ್ಕಿಂತ ಭಿನ್ನವಾದ ಮಾದರಿ ಇಂಡಿಯಾ ಕಾಫಿ ಹೌಸ್‌ನದು. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಎ.ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಕೆಲಸಗಾರರು ಸಂಘಟಿತರಾದರು. 1957ರಲ್ಲಿ ಬೆಂಗಳೂರಿನಲ್ಲಿ ಕಾಫಿ ಕಾರ್ಮಿಕರ ಸಹಕಾರ ಸಂಘ ಸ್ಥಾಪನೆಯಾಯಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಅಲ್ಲಿ ಪೇಟ ತೊಟ್ಟು ಕಾಫಿ ತಂದಿಡುವವನು ಸಂಸ್ಥೆಯ ಸದಸ್ಯನೂ ಹೌದು.

ಕರೆಯುವ ರೀತಿ

ಗ್ರಾಹಕರ ವರ್ತನೆಯ ವಿಚಾರದಲ್ಲಿ ಹಣಕ್ಕಿಂತ ಮೊದಲು ಬರುವುದು ಮಾತು. ನೀನು, ನೀವು ಎಂಬ ಭೇದವಿರುವ ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ‘ಏನು ಕೊಡಲಿ ಸಾರ್?’ ಎಂದು ಬಹುವಚನದ ಗೌರವದಲ್ಲಿ ಕೇಳುವ ಐವತ್ತು ವರ್ಷದ ಸಪ್ಲೈಯರ್‌ಗೆ ಇಪ್ಪತ್ತರ ಗ್ರಾಹಕ ‘ಎರಡು ಕಾಫಿ ತಗೊಂಡು ಬಾ’ ಎಂದು ಏಕವಚನದಲ್ಲಿ ಉತ್ತರಿಸುವುದು ನಿತ್ಯದ ನೋಟ. ‘ಏಯ್’ ಎಂದು ಕೂಗುವುದು, ಚಿಟಿಕೆ ಹೊಡೆಯುವುದು, ಲೋಟದಿಂದ ಮೇಜು ಕುಟ್ಟುವುದು ಕೂಡ ಅಪರೂಪವಲ್ಲ. ಕರಾವಳಿಯವರ ಹೋಟೆಲಿನಲ್ಲಿ ‘ಭಟ್ರೇ’, ಹಳೆ ಮೈಸೂರಿನ ಕಡೆ ‘ಅಣ್ಣ’ ಅಥವಾ ‘ಗುರುವೇ’, ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ‘ಅಣ್ಣಾರ’, ರೊಟ್ಟಿ ಬಡಿಯುವ ಹೆಂಗಸರಿಗೆ ‘ಯಕ್ಕಾ’ ಎಂಬ ಸಂಬೋಧನೆಗಳೂ ಇವೆ. ಖಾನಾವಳಿಗಳಲ್ಲಿ ಭಕ್ಷೀಸಿನ ರೂಢಿ ಕಡಿಮೆ. ‘ಊಟ ಚಲೋ ಆತು’ ಎಂದು ಹೇಳಿ ಹೋಗುವುದೇ ಅಲ್ಲಿನ ಸಂದಾಯ.

ಈಗ ಬೆಂಗಳೂರಿನ ಹೋಟೆಲುಗಳಲ್ಲಿ ಕರಾವಳಿಯ ಹುಡುಗರ ಸಂಖ್ಯೆ ಇಳಿದು, ಈಶಾನ್ಯ ರಾಜ್ಯಗಳು, ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ನೇಪಾಳಗಳಿಂದ ಬಂದವರು ದುಡಿಯುತ್ತಿದ್ದಾರೆ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ರೈಲು ಹತ್ತಿದಾಗ, ನಗರದ ಹೋಟೆಲುಗಳು ಯಾರ ದುಡಿಮೆಯ ಮೇಲೆ ನಿಂತಿವೆ ಎಂಬುದು ಹಲವರಿಗೆ ಮೊದಲ ಬಾರಿಗೆ ಅರಿವಾಯಿತು. ಭಾಷೆ ಬಾರದ ಹುಡುಗ ತಪ್ಪು ತಿಂಡಿ ತಂದಿಟ್ಟರೆ ಬೈಗುಳ ಅವನಿಗೆ. ಎರಡು ದಿನವೂ ತರಬೇತಿ ನೀಡದೆ ಅವನನ್ನು ಮೇಜಿನ ಮುಂದೆ ನಿಲ್ಲಿಸಿದ ಮಾಲೀಕನಿಗೆ ಅದು ತಟ್ಟುವುದಿಲ್ಲ.

ಚಿಲ್ಲರೆ ಮಾಯವಾದಾಗ

ಭಕ್ಷೀಸಿನ ರೂಢಿಗೆ ಮೊದಲ ಪೆಟ್ಟು ಬಿದ್ದದ್ದು ದರ್ಶಿನಿಗಳಿಂದ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ಮೊದಲೇ ಹಣ ಕೊಟ್ಟು, ಚೀಟಿ ಪಡೆದು, ನಿಂತು ತಿನ್ನುವ ಪದ್ಧತಿ ರಾಜ್ಯದಾದ್ಯಂತ ಹಬ್ಬಿತು. ಸಪ್ಲೈಯರ್ ಇಲ್ಲದ ಕಡೆ ಭಕ್ಷೀಸೂ ಇಲ್ಲ. ಆದರೆ ಮೇಜು ಒರೆಸುವ, ಎಂಜಲು ತಟ್ಟೆ ಎತ್ತುವ ಕ್ಲೀನರ್ ಅಲ್ಲೂ ಇದ್ದಾನೆ. ಗ್ರಾಹಕರು ಅವನನ್ನು ಗಮನಿಸುವುದು ಮೇಜು ಒದ್ದೆಯಾಗಿದ್ದಾಗ ಮಾತ್ರ.

ಎರಡನೆಯ ಪೆಟ್ಟು 2016ರದು. ಆ ವರ್ಷ ಯುಪಿಐ ವ್ಯವಸ್ಥೆ ಬಂತು. ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಅದಕ್ಕೆ ಮೊದಲು 85 ರೂಪಾಯಿಯ ಬಿಲ್ಲಿಗೆ 100ರ ನೋಟು ಕೊಟ್ಟರೆ 15 ರೂಪಾಯಿ ಮರಳುತ್ತಿತ್ತು. ಅದರಲ್ಲಿ ಐದೋ ಹತ್ತೋ ತಟ್ಟೆಯಲ್ಲಿ ಉಳಿಯುತ್ತಿತ್ತು. ಈಗ ಮೊಬೈಲಿನಲ್ಲಿ ನಿಖರವಾಗಿ 85 ರೂಪಾಯಿ ಗಲ್ಲಾದ ಖಾತೆಗೆ ಸಂದಾಯವಾಗುತ್ತದೆ. ತಟ್ಟೆಗೆ ಬರುವುದು ಸೋಂಪು ಮಾತ್ರ. ಗ್ರಾಹಕ ಜಿಪುಣನಾದನೆಂದಲ್ಲ; ಕೊಡುವ ಸಂದರ್ಭವೇ ಇಲ್ಲವಾಯಿತು. ಮೊಬೈಲಿನಲ್ಲಿ ಹೆಚ್ಚುವರಿ ಮೊತ್ತ ಸೇರಿಸಿ ಪಾವತಿಸಿದರೆ ಅದು ಸೇರುವುದು ಮಾಲೀಕನ ಖಾತೆಗೆ. ಅದು ಸಪ್ಲೈಯರ್‌ಗೆ ತಲುಪುವುದೋ ಇಲ್ಲವೋ ಎಂಬುದು ಆಯಾ ಹೋಟೆಲಿನ ಶಿಸ್ತಿಗೆ ಬಿಟ್ಟದ್ದು. ಗಲ್ಲಾದ ಬಳಿ ಡಬ್ಬಿಯಿಟ್ಟು, ಸಂಗ್ರಹವಾದದ್ದನ್ನು ಅಡುಗೆಯವರು, ಕ್ಲೀನರ್‌ಗಳು ಸೇರಿದಂತೆ ಎಲ್ಲರಿಗೂ ಹಂಚುವ ಕ್ರಮ ಕೆಲವೆಡೆ ಇದೆ. ಉಳಿದ ಕಡೆ ನಗದಾಗಿ ಕೈಗೆ ಕೊಡುವುದೇ ಖಚಿತ ಮಾರ್ಗ.

ಎಷ್ಟು ಕೊಡಬೇಕು? ಕುಳಿತು ಉಣ್ಣುವ ದೊಡ್ಡ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಶೇ. 5ರಿಂದ 10ರಷ್ಟು, ಸಾಧಾರಣ ಹೋಟೆಲುಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಎಂಬುದು ಸಾಮಾನ್ಯ ರೂಢಿ.

ಸೇವಾ ಶುಲ್ಕ ತೆರಿಗೆಯಲ್ಲ

ಹಲವು ಗ್ರಾಹಕರು ಗೊಂದಲಕ್ಕೀಡಾಗುವುದು ಇಲ್ಲಿಯೇ. ಬಿಲ್ಲಿನಲ್ಲಿ ಕಾಣುವ ಸೇವಾ ಶುಲ್ಕ ಸರ್ಕಾರದ ತೆರಿಗೆಯಲ್ಲ; ಹೋಟೆಲು ತಾನಾಗಿ ಸೇರಿಸುವ ಮೊತ್ತ. ಸರ್ಕಾರಕ್ಕೆ ಸಲ್ಲುವುದು ಜಿಎಸ್‌ಟಿ. ಸಾಮಾನ್ಯ ರೆಸ್ಟೋರೆಂಟುಗಳಿಗೆ ಅದರ ದರ 2017ರ ನವೆಂಬರ್ 15ರಿಂದ ಶೇ. 5. ಒಂದು ಸಾವಿರ ರೂಪಾಯಿಯ ಊಟಕ್ಕೆ ಜಿಎಸ್‌ಟಿ ಸೇರಿ 1050 ರೂಪಾಯಿ ಆಗುತ್ತದೆ. ಶೇ. 10ರ ಸೇವಾ ಶುಲ್ಕ ಸೇರಿಸಿ, ಅದರ ಮೇಲೂ ತೆರಿಗೆ ಹಾಕಿದರೆ ಮೊತ್ತ 1155 ರೂಪಾಯಿಗೆ ಏರುತ್ತದೆ.

ಈ ಶುಲ್ಕ ಐಚ್ಛಿಕವೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2017ರ ಏಪ್ರಿಲ್‌ನಲ್ಲೇ ಹೇಳಿತ್ತು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇನ್ನೂ ಸ್ಪಷ್ಟವಾದ ಮಾರ್ಗಸೂಚಿ ಹೊರಡಿಸಿತು. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು, ಕೊಡಲೊಪ್ಪದವರಿಗೆ ಪ್ರವೇಶ ನಿರಾಕರಿಸಬಾರದು ಎಂಬುದು ಅದರ ಸಾರ. ಹೋಟೆಲ್ ಮಾಲೀಕರ ಸಂಘಟನೆಗಳು ದೆಹಲಿ ಹೈಕೋರ್ಟಿನ ಮೊರೆಹೋದವು. ಅದೇ ತಿಂಗಳು ತಡೆಯಾಜ್ಞೆಯೂ ದೊರೆಯಿತು. ಆದರೆ 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಟನೆಗಳು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿದವು. ಸ್ವಇಚ್ಛೆಯಿಂದ ಭಕ್ಷೀಸು ಕೊಡುವುದಕ್ಕೆ ಈ ಮಾರ್ಗಸೂಚಿಯ ಅಡ್ಡಿಯಿಲ್ಲ.

ಶುಲ್ಕ ಹಾಕಿದ ಬಿಲ್ಲು ಬಂದರೆ ಅದನ್ನು ತೆಗೆಯುವಂತೆ ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಈ ಮಾತುಕತೆ ನಡೆಯಬೇಕಾದದ್ದು ವ್ಯವಸ್ಥಾಪಕನೊಡನೆ. ಬಿಲ್ಲು ತಂದಿಟ್ಟ ಸಪ್ಲೈಯರ್ ಮೇಲೆ ಹರಿಹಾಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಆ ಶುಲ್ಕವನ್ನು ನಿಗದಿ ಮಾಡಿದವನು ಅವನಲ್ಲ, ಬಹಳ ಸಲ ಅದರಲ್ಲಿ ತನಗೆಷ್ಟು ಪಾಲು ಎಂಬುದೂ ಅವನಿಗೆ ತಿಳಿದಿರುವುದಿಲ್ಲ.

ಭಕ್ಷೀಸು ಸಂಬಳವೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗ್ರಾಹಕರು ಕಾರ್ಡಿನ ಮೂಲಕ ಕೊಟ್ಟ ಟಿಪ್ಸ್ ಅನ್ನು ಹೋಟೆಲು ನೌಕರರಿಗೆ ಹಂಚಿದರೆ ಅದು ಸಂಬಳವಾಗದು, ಆದ್ದರಿಂದ ಹೋಟೆಲು ಅದರ ಮೇಲೆ ಸಂಬಳದ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಿಲ್ಲ ಎಂದು 2016ರ ಏಪ್ರಿಲ್‌ನಲ್ಲಿ ಐಟಿಸಿ ಸಂಸ್ಥೆಯ ಪ್ರಕರಣದಲ್ಲಿ ನ್ಯಾಯಾಲಯ ತೀರ್ಪಿತ್ತಿತು. ನೌಕರನ ಕೈಯಲ್ಲಿ ಅದು ಇತರ ಮೂಲದ ಆದಾಯ.

ಬಿಲ್ಲು ಕೊಡದೆ ಗ್ರಾಹಕ ನುಣುಚಿಕೊಂಡರೆ ಆ ಮೊತ್ತವನ್ನು ಸಪ್ಲೈಯರ್‌ನ ಸಂಬಳದಲ್ಲಿ ಹಿಡಿಯುವ ದುರಭ್ಯಾಸವೂ ಕೆಲವು ಕಡೆ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸಗಾರನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನಷ್ಟವಾಗಿದ್ದರೆ ಮಾತ್ರ, ಅದೂ ಅವನಿಗೆ ವಿವರಣೆ ನೀಡಲು ಅವಕಾಶ ಕೊಟ್ಟ ಮೇಲೆ, ಕಡಿತ ಮಾಡಬಹುದು. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರುವಂತಿಲ್ಲ. ಹಿಂದಿನ 1936ರ ಕಾಯ್ದೆಯಲ್ಲೂ ಇಂಥ ರಕ್ಷಣೆಯಿತ್ತು.

ಮನೆಬಾಗಿಲಿಗೆ ಊಟ ತರುವವರ ಸ್ಥಿತಿ ಬೇರೆ. ರಾಜ್ಯದಲ್ಲಿ 2025ರಲ್ಲಿ ಜಾರಿಯಾದ ಗಿಗ್ ಕಾರ್ಮಿಕರ ಕಾಯ್ದೆಯು ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ನೀಡುತ್ತದೆ. ಇದು ಕಂಪನಿ ಕಟ್ಟಬೇಕಾದದ್ದು. ಭಕ್ಷೀಸಿಗೂ ಇದಕ್ಕೂ ಸಂಬಂಧವಿಲ್ಲ.

ಕಡಲಾಚೆಯ ರೂಢಿ

ಅಮೆರಿಕಕ್ಕೆ ಹೋಗುವ ಕನ್ನಡಿಗರು ಮೊದಲ ವಾರದಲ್ಲೇ ಎಡವುವುದು ಈ ವಿಷಯದಲ್ಲಿ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಫೆಡರಲ್ ಕನಿಷ್ಠ ವೇತನ ಗಂಟೆಗೆ 2.13 ಡಾಲರ್ ಮಾತ್ರ. 1991ರಿಂದ ಅದು ಏರಿಲ್ಲ. ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು, ತುಂಬದಿದ್ದರೆ ಮಾಲೀಕ ಭರಿಸಬೇಕು. ಕೆಲವು ರಾಜ್ಯಗಳು ಹೆಚ್ಚಿನ ದರ ನಿಗದಿಪಡಿಸಿವೆ. ಅಲ್ಲಿ ಶೇ. 15ರಿಂದ 20ರಷ್ಟು ಕೊಡದಿರುವುದು ಕೂಲಿ ಹಿಡಿದಂತೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಟಿಪ್ಸ್ ಹಣವನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ. ಪೂರ್ತಿ ಕೆಲಸಗಾರರಿಗೇ ನ್ಯಾಯಯುತವಾಗಿ ಹಂಚಬೇಕು.

ಅಂಗಡಿಯಲ್ಲಿ ನಿಂತವರು

ಬಟ್ಟೆ ಅಂಗಡಿ, ಮಾಲ್‌ಗಳ ಮಾರಾಟ ಸಿಬ್ಬಂದಿಗೆ ಭಕ್ಷೀಸಿನ ರೂಢಿಯಿಲ್ಲ. ಐವತ್ತು ಸೀರೆ ಬಿಚ್ಚಿಸಿ, ಬಣ್ಣ ಹಿಡಿಸಲಿಲ್ಲವೆಂದು ಎದ್ದು ಹೋಗುವ ಗ್ರಾಹಕರು ಎಲ್ಲ ಕಾಲದಲ್ಲೂ ಇದ್ದರು. ಆಯ್ಕೆ ಮಾಡದೆ ಹೋಗುವುದು ಗ್ರಾಹಕರ ಹಕ್ಕೂ ಹೌದು. ಆದರೆ ಚಿಕ್ಕಪೇಟೆಯ ಹಳೆಯ ಅಂಗಡಿಗಳಲ್ಲಿ ಬಿಳಿ ಗಾದಿಯ ಮೇಲೆ ಮಾರುವವನೂ ಕೊಳ್ಳುವವರೂ ಎದುರುಬದುರು ಕುಳಿತಿರುತ್ತಿದ್ದರು. ಹೊಸ ಮಳಿಗೆಗಳಲ್ಲಿ ಕುರ್ಚಿ ಇರುವುದು ಗ್ರಾಹಕರಿಗೆ. ಮಾರುವ ಹೆಣ್ಣುಮಕ್ಕಳು ದಿನವಿಡೀ ನಿಂತೇ ಇರಬೇಕು. ಗ್ರಾಹಕರಿಲ್ಲದ ಹೊತ್ತಿನಲ್ಲೂ ಗೋಡೆಗೆ ಒರಗಿದರೆ ಗದರಿಕೆ.

ಕೇರಳದಲ್ಲಿ ಇದರ ವಿರುದ್ಧ ಹೋರಾಟ ನಡೆದದ್ದು ಕೋಳಿಕೋಡಿನ ಮಿಠಾಯಿ ತೆರುವಿನ ಮಳಿಗೆಗಳ ಹೆಣ್ಣುಮಕ್ಕಳಿಂದ. ಪಿ. ವಿಜಿ ಅವರ ಮುಂದಾಳತ್ವದ ಆ ಚಳವಳಿಯ ಫಲವಾಗಿ 2018ರಲ್ಲಿ ಅಲ್ಲಿನ ಅಂಗಡಿಗಳ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಬಂತು. ತಮಿಳುನಾಡು 2021ರಲ್ಲಿ ಅದನ್ನೇ ಅನುಸರಿಸಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9, ವಾರಕ್ಕೆ 48 ಗಂಟೆಗಳ ದುಡಿಮೆ ಹಾಗೂ ವಾರದ ರಜೆಯನ್ನು ಅದು ಗೊತ್ತುಪಡಿಸಿತು. ನಿಂತೇ ಕೆಲಸ ಮಾಡಬೇಕಾದವರಿಗೆ ಆಸನ ಒದಗಿಸಬೇಕೆಂಬ ಮಾತು 2020ರ ಕೇಂದ್ರದ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿದೆ. ಅದು ಕೂಡ 2025ರ ನವೆಂಬರ್ 21ರಂದೇ ಜಾರಿಗೆ ಬಂತು.