ಮನೆಯೊಳಗೆ ಒಳಚರಂಡಿಯ ದುರ್ವಾಸನೆ: ಮೂಲ ಪತ್ತೆ ಹೇಗೆ?

ಬಚ್ಚಲುಮನೆಯಲ್ಲೋ ಅಡುಗೆಮನೆಯಲ್ಲೋ ಕೊಳೆತ ಮೊಟ್ಟೆಯಂತಹ ನಾತ ಬರತೊಡಗಿದೊಡನೆ ಬಹುತೇಕರು ಫಿನಾಯಿಲ್ ಸುರಿಯುತ್ತಾರೆ. ಇದರಿಂದ ವಾಸನೆ ಕೆಲಕಾಲ ಅಡಗುತ್ತದೆಯೇ ಹೊರತು ಅದರ ಮೂಲ ಹಾಗೆಯೇ ಉಳಿಯುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯಂತಹ ಮಳೆ ಕಡಿಮೆಯ ಊರುಗಳಲ್ಲಿ ಬೇಸಿಗೆಯ ಒಣಹವೆ, ನೀರಿನ ಮಿತಬಳಕೆ ಹಾಗೂ ಎರೆಮಣ್ಣು ಈ ತೊಂದರೆಗೆ ಇಂಬು ಕೊಡುತ್ತವೆ.

ಮೊದಲು ಅಡುಗೆ ಅನಿಲ

ಸೋರಿಕೆ ತಿಳಿಯಲೆಂದು ಅಡುಗೆ ಅನಿಲಕ್ಕೆ ಬೆರೆಸುವ ಗಂಧಕಯುಕ್ತ ರಾಸಾಯನಿಕದ ವಾಸನೆಯೂ ಚರಂಡಿಯ ನಾತವನ್ನು ಹೋಲುತ್ತದೆ. ಆದ್ದರಿಂದ ಸಿಲಿಂಡರ್ ಪರೀಕ್ಷೆಯೇ ಮೊದಲ ಹೆಜ್ಜೆ. ಸಂಶಯವಿದ್ದರೆ ವಿದ್ಯುತ್ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಬಂದು 1906 ಸಂಖ್ಯೆಗೆ ಕರೆ ಮಾಡಬೇಕು.

ನೀರಿನ ಬೀಗ

ಬಚ್ಚಲಿನ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪ್‌ನಲ್ಲಿ ಸುಮಾರು 50 ಮಿ.ಮೀ. ಆಳದ ನೀರು ಸದಾ ನಿಂತಿರಬೇಕು. ಗಟಾರಿನ ಅನಿಲವನ್ನು ತಡೆಯುವುದು ಈ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಬಾಗಿದ ಕೊಳವೆಯ ಶೌಚಾಲಯಕ್ಕೆ ಹಕ್ಕುಪತ್ರ ಪಡೆದಂದಿನಿಂದ ತತ್ವ ಬದಲಾಗಿಲ್ಲ. ಬಳಸದ ಕೋಣೆಯ ಬಚ್ಚಲಲ್ಲಿ, ರಜೆಗೆ ಊರಿಗೆ ಹೋದಾಗ ಬೀಗ ಹಾಕಿದ ಮನೆಯಲ್ಲಿ ಈ ನೀರು ಆರಿಹೋಗುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾದು, ನೆಲವನ್ನು ಒದ್ದೆಬಟ್ಟೆಯಿಂದಷ್ಟೇ ಒರೆಸುವ ಮನೆಗಳಲ್ಲಿಯೂ ಇದೇ ಸ್ಥಿತಿ.

ಪರೀಕ್ಷೆಯ ಕ್ರಮ

ಮನೆಯ ಪ್ರತಿಯೊಂದು ಜಾಲರಿಗೂ ಒಂದೆರಡು ತಂಬಿಗೆ ನೀರು ಹಾಕಿ ಕೆಲವು ಗಂಟೆ ಕಾಯಬೇಕು. ವಾಸನೆ ನಿಂತರೆ ಆರಿದ ಟ್ರ್ಯಾಪ್ ಕಾರಣವೆಂದು ತಿಳಿಯಬಹುದು. ಅಂತಹ ಟ್ರ್ಯಾಪ್‌ಗೆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆವಿಯಾಗದು.

ನಿಲ್ಲದಿದ್ದರೆ ಎಲ್ಲ ಜಾಲರಿಗಳನ್ನು ಪ್ಲಾಸ್ಟಿಕ್ ಹಾಳೆ ಹಾಗೂ ಒದ್ದೆಬಟ್ಟೆಯಿಂದ ಮುಚ್ಚಿ, ಒಂದೊಂದಾಗಿ ತೆರೆದು ನೋಡಬೇಕು. ಸಿಂಕ್ ಅಥವಾ ವಾಶ್‌ಬೇಸಿನ್ ಪೈಪನ್ನು ಟ್ರ್ಯಾಪ್ ಇಲ್ಲದೆ ನೇರವಾಗಿ ಗಟಾರಿನ ಕೊಳವೆಗೆ ತೂರಿಸಿರುವುದುಂಟು. ಕಮೋಡ್ ಅಲುಗಾಡುತ್ತಿದ್ದರೆ ಬುಡದ ಜೋಡಣೆ ಬಿರಿದಿರುವ ಸಂಭವವಿದೆ.

ನೀರು ಬಿಟ್ಟಾಗ ಬೇರೊಂದು ಬಚ್ಚಲಲ್ಲಿ ಗುಳುಗುಳು ಸದ್ದಾದರೆ ಮಾಳಿಗೆಯ ಮೇಲಿನ ಗಾಳಿ ಕೊಳವೆಯನ್ನು ನೋಡಬೇಕು. ಹಕ್ಕಿಗೂಡು ಅಥವಾ ಕಸದಿಂದ ಅದು ಮುಚ್ಚಿದ್ದರೆ, ಹರಿಯುವ ನೀರು ಟ್ರ್ಯಾಪ್‌ನ ನೀರನ್ನೂ ಸೆಳೆದೊಯ್ಯುತ್ತದೆ.

ನಲ್ಲಿ ತಿರುಗಿಸಿದಾಗ ಮಾತ್ರ ವಾಸನೆ ಬಂದರೆ ದೋಷ ಚರಂಡಿಯದಲ್ಲ, ಕೊಳವೆಬಾವಿ ನೀರಿನದೋ ತೊಟ್ಟಿಯದೋ ಇರಬಹುದು.

ಇಷ್ಟಾದರೂ ಮೂಲ ಸಿಗದಿದ್ದರೆ ನೆಲದಡಿಯ ಕೊಳವೆಯನ್ನು ಶಂಕಿಸಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಕೊಳವೆಯ ಬೆಸುಗೆಗಳು ಸಡಿಲಗೊಳ್ಳುತ್ತವೆ. ಕಪ್ಪತಗುಡ್ಡದ ಆಸುಪಾಸಿನ ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ. ಕೊಳವೆಯೊಳಗೆ ಹೊಗೆ ಬಿಟ್ಟು ಬಿರುಕು ಪತ್ತೆಹಚ್ಚುವ ಕೆಲಸವನ್ನು ಅನುಭವಿ ಪ್ಲಂಬರ್‌ಗೆ ವಹಿಸುವುದು ಲೇಸು.

ಸೆಪ್ಟಿಕ್ ಟ್ಯಾಂಕ್: ಎಚ್ಚರಿಕೆ

ಒಳಚರಂಡಿ ಸಂಪರ್ಕವಿಲ್ಲದ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕನ್ನು 2-3 ವರ್ಷಕ್ಕೊಮ್ಮೆ ಬರಿದು ಮಾಡಿಸಬೇಕು. ತುಂಬಿದ ಟ್ಯಾಂಕಿನ ಅನಿಲ ಮನೆಯೊಳಗೆ ಮರಳುತ್ತದೆ. ಆದರೆ ಮುಚ್ಚಳ ತೆಗೆದು ಇಣುಕುವುದು, ಬೆಂಕಿಕಡ್ಡಿ ಗೀರುವುದು ಪ್ರಾಣಾಪಾಯಕಾರಿ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿ ಮೂಗಿಗೆ ತಿಳಿಯುತ್ತದೆ. ಸುಮಾರು 100 ಪಿಪಿಎಂ ಮುಟ್ಟಿದಾಗ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ಇನ್ನೂ ಹೆಚ್ಚಿದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ವಾಸನೆ ಇಲ್ಲವೆಂದರೆ ಅಪಾಯವಿಲ್ಲವೆಂದಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಮೃತಪಟ್ಟ ಪ್ರಕರಣಗಳು ದೇಶದಲ್ಲಿ ಮರುಕಳಿಸುತ್ತಲೇ ಇವೆ.

ಸುರಕ್ಷಾ ಸಾಧನಗಳಿಲ್ಲದೆ ಟ್ಯಾಂಕಿಗೆ ಅಥವಾ ಮ್ಯಾನ್‌ಹೋಲ್‌ಗೆ ಕಾರ್ಮಿಕರನ್ನು ಇಳಿಸುವುದು 2013ರ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂ.ಗೆ ಏರಿಸಿದೆ. ಯಂತ್ರವಿರುವ ವಾಹನವನ್ನೇ ಕರೆಸುವುದು ಮನೆಯ ಯಜಮಾನರ ಹೊಣೆ.

ಕಟ್ಟಿದ ಗಟಾರಿಗೆ ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಹಾಕಲೇಬಾರದು. ವಿಷಕಾರಿ ಕ್ಲೋರಿನ್ ಹೊರಡುತ್ತದೆ. ಇಡೀ ಓಣಿಯಲ್ಲಿಯೇ ನಾತವಿದ್ದರೆ ದೋಷ ಮುಖ್ಯ ಕೊಳವೆಯದು. ಅಂತಹ ಸಂದರ್ಭದಲ್ಲಿ ನೆರೆಹೊರೆಯವರು ಕೂಡಿ ಸ್ಥಳೀಯ ಪೌರಾಡಳಿತ ಸಂಸ್ಥೆಗೆ ಲಿಖಿತ ದೂರು ಸಲ್ಲಿಸಿ, ಸ್ವೀಕೃತಿ ಪಡೆಯುವುದು ಸೂಕ್ತ.