ಶಾನುಭೋಗರ ಕಡತದಿಂದ ಸರ್ವರ್‌ವರೆಗೆ: ಆಡಳಿತ ಬದಲಾಯ್ತು, ಉತ್ತರ ಕೊಡೋರು ಯಾರು?

ಇವತ್ತು ಪಹಣಿ ನೋಡಬೇಕು ಅಂದ್ರೆ ಮೊಬೈಲ್ ಸಾಕು. ನಮ್ಮ ಅಜ್ಜಂದಿರು ಅದಕ್ಕಾಗಿ ಶಾನುಭೋಗರ ಮನೆ ಜಗಲಿಯಲ್ಲಿ ಕಾಯಬೇಕಿತ್ತು. ಈ ಎರಡರ ನಡುವೆ ಕರ್ನಾಟಕದ ಆಡಳಿತ ಹಲವು ಸಲ ರೂಪ ಬದಲಿಸಿದೆ. ಕುರ್ಚಿಯಲ್ಲಿ ಯಾರು ಕೂರಬೇಕು, ತೀರ್ಮಾನ ಎಲ್ಲಿ ಆಗಬೇಕು, ಕೆಲಸ ಎಷ್ಟು ದಿನದಲ್ಲಿ ಮುಗಿಯಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. 'ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು?' ಎಂಬ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಹಿಂದೆ ಉಳಿದಿದೆ.

ದಿವಾನರ ಕಾಲ: ಅಹವಾಲು ಹೇಳಬಹುದು, ಅಷ್ಟೇ

1881ರಲ್ಲಿ ಮೈಸೂರು ಸಂಸ್ಥಾನದ ದಿವಾನ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ಜಮೀನ್ದಾರರು, ವರ್ತಕರು ಬಂದು ಕೂರುತ್ತಿದ್ದರು, ದಿವಾನರು ಆಡಳಿತದ ವರದಿ ಓದುತ್ತಿದ್ದರು, ಸದಸ್ಯರು ಕುಂದುಕೊರತೆ ಹೇಳುತ್ತಿದ್ದರು. ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟದ್ದು.

ಮುಂದಿನ ಜಗಳ ಕುರ್ಚಿಯದ್ದು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ ಎಂಬ ದೂರಿನ ಮೇಲೆ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಉಳಿದ ಸಮುದಾಯಗಳಿಗೆ ಸಿಗಬೇಕು ಅಂತ ಅದು ಹೇಳಿತು. ಆದರೆ ಹಳ್ಳಿಯಲ್ಲಿ ಆಡಳಿತ ಅಂದರೆ ಪಟೇಲ, ಶಾನುಭೋಗ, ಉತ್ತರದಲ್ಲಿ ಗೌಡ, ಕುಲಕರ್ಣಿ. ಅಪ್ಪನಿಂದ ಮಗನಿಗೆ ಬರುವ ಹುದ್ದೆಗಳು ಇವು. ಊರಿನ ಭೂಮಿಯ ಲೆಕ್ಕವೆಲ್ಲ ಒಂದು ಮನೆಯ ಪೆಟ್ಟಿಗೆಯಲ್ಲಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಜಾರಿಯಾಗಿ ಈ ವಂಶಪಾರಂಪರ್ಯ ಮುಗಿದದ್ದು 1963ರಲ್ಲಿ. ಸ್ವಾತಂತ್ರ್ಯ ಬಂದು 16 ವರ್ಷ ಆದಮೇಲೆ!

ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 1974ರಲ್ಲಿ ದೇವರಾಜ ಅರಸು ಸರ್ಕಾರ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆಯನ್ನು ಜಾರಿಗೆ ತಂದಾಗ, ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಿದ್ದು ಅಧಿಕಾರಿಗಳ ಜೊತೆ ಅಧಿಕಾರೇತರರೂ ಇದ್ದ ಭೂ ನ್ಯಾಯಮಂಡಳಿಗಳು. ಆಡಳಿತ ಅಂದರೆ ಕಡತ ಮಾತ್ರವಲ್ಲ, ಯಾರ ಪರ ಅನ್ನೋದೂ ಮುಖ್ಯ ಅಂತ ಒಪ್ಪಿಕೊಂಡ ಕ್ಷಣ ಅದು.

1987: ಅಧಿಕಾರ ಊರಿಗೆ ಬಂದಾಗ

ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆ ಮತ್ತು ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್, ಆಡಳಿತದ ಏಣಿಯನ್ನೇ ತಿರುಗಿಸಿದರು. 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಬಾಕಿ ಇದ್ದ ಕಾಲ ಅದು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಶಾಲೆ ಮೇಷ್ಟ್ರು ಬಂದಿಲ್ಲ, ಬೋರ್‌ವೆಲ್ ಕೆಟ್ಟಿದೆ ಅಂದರೆ ಕೇಳೋಕೆ ಜಿಲ್ಲೆಯಲ್ಲೇ ಒಬ್ಬರು ಇದ್ದರು. ಅವರು ಮುಂದಿನ ಸಲ ವೋಟು ಕೇಳೋಕೆ ಬರಲೇಬೇಕಿತ್ತು.

ಇದು ಬಹಳ ದಿನ ಉಳಿಯಲಿಲ್ಲ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆ ಮೂರು ಹಂತದ ಪಂಚಾಯಿತಿಯನ್ನು ಕಟ್ಟಿತು, ಸಂವಿಧಾನದ ರಕ್ಷಣೆಯೂ ಸಿಕ್ಕಿತು. ಈ 1992 ಅನ್ನೋ ಇಸವಿಯನ್ನು ನೆನಪಿಟ್ಟುಕೊಳ್ಳಿ.

ಕ್ಯೂ ಸರಿಯಾಯಿತು

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 2 ಕೋಟಿ ಭೂದಾಖಲೆಗಳು ಕಂಪ್ಯೂಟರ್‌ಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ತಾಲೂಕು ಕಚೇರಿ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕಿತ್ತು. ಎಂಜಿನಿಯರಿಂಗ್ ಓದಿದವರಿಗೆ ಇದು ಮೊದಲ ವರ್ಷದ ಪಾಠ: ಸಾಮಾನ್ಯ ಕ್ಯೂ. ಆದರೆ ಕಚೇರಿಯಲ್ಲಿ ಕ್ಯೂ ಹಾರುವ ಅವಕಾಶಕ್ಕೇ ಬೆಲೆ ಇರುತ್ತದೆ, ಲಂಚ ಹುಟ್ಟೋದು ಅಲ್ಲೇ. ಸಾಫ್ಟ್‌ವೇರ್ ಅದಕ್ಕೇ ಕೈಹಾಕಿತು.

ಅಲ್ಲಿಂದ ಮುಂದಿನ ಹೆಜ್ಜೆ ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿ. ಅರ್ಜಿಗೊಂದು ನಂಬರ್, ಸೇವೆಗೊಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಜೇಬಿನಿಂದ. ಮೊತ್ತ ಸಣ್ಣದು, ತತ್ವ ದೊಡ್ಡದು. ಸರ್ಕಾರದ ಕೆಲಸ ಕೃಪೆಯಲ್ಲ, ಹಕ್ಕು.

ಆದರೆ ಇಲ್ಲೇ ಒಂದು ಮಿತಿ ಇದೆ. ದಿನದ ಲೆಕ್ಕದ ಪರಿಹಾರ ವಿಳಂಬಕ್ಕೆ. ಗಡುವಿನೊಳಗೇ ಅರ್ಜಿ ತಪ್ಪಾಗಿ ತಿರಸ್ಕೃತವಾದರೆ ಮೇಲ್ಮನವಿಯ ದಾರಿ ಹಿಡಿಯಬೇಕು. ವೇಗ ಅಳೆಯುವ ವ್ಯವಸ್ಥೆಗೆ ನ್ಯಾಯ ಅಳೆಯೋದು ಅಷ್ಟು ಸುಲಭವಲ್ಲ.

ಈಗ: ಹಣ ನೇರ, ಪ್ರಶ್ನೆ ಯಾರಿಗೆ?

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಮಧ್ಯವರ್ತಿ ಇಲ್ಲ. ಇದು ನಿಜಕ್ಕೂ ದೊಡ್ಡ ಗೆಲುವು. ಆದರೆ ಒಂದು ತಿಂಗಳು ಹಣ ಬರಲಿಲ್ಲ ಅಂದುಕೊಳ್ಳಿ. ಆಧಾರ್ ಜೋಡಣೆ ತಪ್ಪೋ, ರೇಷನ್ ಕಾರ್ಡಿನ ಹೆಸರು ತಪ್ಪೋ, ಬ್ಯಾಂಕಿನದೋ, ಇಲಾಖೆಯದೋ? ಕೌಂಟರಿನಲ್ಲಿ ಕೂತವರು 'ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಅಮ್ಮ' ಅಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಶಾನುಭೋಗರ ಜೊತೆ ಜಗಳವಾದರೂ ಆಡಬಹುದಿತ್ತು. ಸರ್ವರ್ ಜೊತೆ ಹೇಗೆ ಆಡೋದು?

ಇಂಥ ಹೊತ್ತಿನಲ್ಲಿ ನಮ್ಮ ಪರವಾಗಿ ಜಗಳ ಆಡಬೇಕಾದವರು ಚುನಾಯಿತ ಪ್ರತಿನಿಧಿಗಳು. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಕ್ಕೆ ಮತ್ತೆ ಚುನಾವಣೆ ನಡೆಯಲೇ ಇಲ್ಲ, 2025ರಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡಲಾಯಿತು. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ ಎನ್ನುತ್ತಾ ವರ್ಷಗಳೇ ಕಳೆದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. 1992 ಮರುಕಳಿಸಿದೆ, ಈ ಸಲ ಸಂವಿಧಾನದ ರಕ್ಷಣೆ ಇದ್ದೂ.

ಇನ್ನೊಂದು ಅಸ್ತ್ರ ಮಾಹಿತಿ ಹಕ್ಕು. ಕೇಂದ್ರದ 2005ರ ಕಾಯ್ದೆಗೂ ಮೊದಲೇ, 2000ದಲ್ಲೇ, ಕರ್ನಾಟಕ ಸ್ವಂತ ಕಾಯ್ದೆ ಮಾಡಿತ್ತು. ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಿಸಿ, 'ವೈಯಕ್ತಿಕ ಮಾಹಿತಿ' ಎಂದು ನಿರಾಕರಿಸುವ ಬಾಗಿಲನ್ನು ಅಗಲ ಮಾಡಿತು. ಫಲಾನುಭವಿಗಳ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ಕೇಳಿದರೂ ಇದೇ ಉತ್ತರ ಬಂದರೆ?

ಡಿಜಿಟಲ್ ಬೇಡ ಅನ್ನೋದು ಉತ್ತರವಲ್ಲ. ಪೆಟ್ಟಿಗೆಯ ಕಾಲಕ್ಕೆ ವಾಪಸ್ ಹೋಗಬೇಕು ಅಂತ ಯಾರೂ ಹೇಳಲಾರರು, ಆ ಪೆಟ್ಟಿಗೆ ಯಾರ ಮನೆಯಲ್ಲಿತ್ತು ಅಂತ ಗೊತ್ತಿರುವವರಂತೂ ಖಂಡಿತ ಇಲ್ಲ. ಆದರೆ ಆ್ಯಪ್ ಗ್ರಾಮಸಭೆಗೆ ಬದಲಿಯಲ್ಲ, ಡ್ಯಾಶ್‌ಬೋರ್ಡ್ ಕೌನ್ಸಿಲರ್‌ಗೆ ಬದಲಿಯಲ್ಲ. ಹಾಗಾಗಿ ನಿಮ್ಮ ಅರ್ಜಿ ತಿರಸ್ಕೃತ ಅಂತ ಮೆಸೇಜ್ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿ ಹಾಕಿ. ಊರಿನಲ್ಲಿ ಗ್ರಾಮಸಭೆ ಇದ್ದರೆ ಹೋಗಿ. ವೋಟು ಕೇಳೋಕೆ ಬರುವ ಶಾಸಕರಿಗೆ, 'ಜಿಲ್ಲಾ ಪಂಚಾಯಿತಿ ಚುನಾವಣೆ ಅಷ್ಟು ವರ್ಷ ಯಾಕೆ ನಡೆಯಲಿಲ್ಲ?' ಅಂತಲೂ ಕೇಳಿ.